ಕಂಟ್ರೋಲರ್ ಕಾಕಾ ಬರೆದ ಪುಟ

ಅವರ ಕುತ್ತಿಗೆ ಬಲಕ್ಕೆ ವಾಲಿತ್ತು. ಹುಟ್ಟಿನಿಂದ ಬಂದದ್ದಲ್ಲ. ಕೊಲ್ಹಾಪುರ ಸೀಮೆಯ ಗಡಹಿಂಗ್ಲಜದ ಬಸ್ ಸ್ಟ್ಯಾಂಡಿನಲ್ಲಿ ಗಾಡಿಗಳ ವೇಳೆ ಹೇಳುವ ಚೌಕಶಿ ಕಿಡಕಿಯ ಗಾಜಿಗೆ ಅಂಗೈಯಗಲದ ಒಂದು ತೂತು ಇತ್ತು. ಅದನ್ನು ಕೊರೆದವನು ಯಾರ ಎತ್ತರವನ್ನೂ ಗಮನಿಸಿರಲಿಲ್ಲ. ಹೊರಗೆ ನಿಂತವರು ಬಗ್ಗಿ ಕೇಳಬೇಕು, ಒಳಗೆ ಕೂತವರು ವಾಲಿ ಕೇಳಿಸಿಕೊಳ್ಳಬೇಕು. ವರ್ಷಗಟ್ಟಲೆ ವಾಲಿ ವಾಲಿ ಅವರ ತಲೆ ಅದೇ ಕೋನದಲ್ಲಿ ನಿಂತುಬಿಟ್ಟಿತ್ತು. ನಿವೃತ್ತರಾದ ಮೇಲೆ, ಗಾಜಿಲ್ಲದ ಬಯಲಿನಲ್ಲಿಯೂ, ಎದುರಿಗಿದ್ದವರು ಬಾಯಿ ತೆರೆದರೆ ಸಾಕು, ಬಲಗಿವಿ ತಾನಾಗಿಯೇ ಮುಂದೆ ಬರುತ್ತಿತ್ತು. ಹೊಸಬರು ಇವರನ್ನು ಕಿವುಡರೆಂದುಕೊಂಡು ಕೂಗಿ ಮಾತಾಡುತ್ತಿದ್ದರು. "ಸಣ್ಣಗ ಮಾತಾಡ್ರಿ, ಗಾಡಿಗೆ ಇನ್ನಾ ಟೈಮ್ ಐತಿ" ಎಂದು ಇವರು ಅವರನ್ನು ಸಮಾಧಾನ ಮಾಡುತ್ತಿದ್ದರು.

ಊರಿಗೆಲ್ಲ ಅವರು ಕಂಟ್ರೋಲರ್ ಕಾಕಾ. ನನಗೂ ಅಷ್ಟೇ.

ಅವರ ಬಗ್ಗೆ ಬರೆಯಲು ಕೂತಾಗ ನನಗೆ ಮೊದಲು ಅನುಮಾನ ಬರುವುದು ನನ್ನ ಮೇಲೆಯೇ. ನನ್ನ ಕಸುಬು ಅಂಥದು. ಸಣ್ಣ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ. ಜನ ಫೋನಿನಲ್ಲಿ ಏನಾದರೂ ಹುಡುಕಿದರೆ ಆ ಅಂಗಡಿಯೇ ಮೇಲೆ ಕಾಣುವ ಹಾಗೆ ಮಾಡುತ್ತೇನೆ. ಯಾವುದು ಮೊದಲು ಕಾಣಬೇಕು, ಯಾವುದು ಕೆಳಗೆ ಉಳಿಯಬೇಕು ಎಂದು ಜೋಡಿಸಿ ಜೋಡಿಸಿ ಕೈ ಪಳಗಿದೆ. ಹಾಗಾಗಿ ನೆನಪಿನಲ್ಲಿ ಮೊದಲು ಮೇಲೆ ಬರುವುದನ್ನು ನಾನು ನಂಬುವುದಿಲ್ಲ. ಈ ಬರಹದಲ್ಲಿ ಅನುಮಾನ ಇರುವಲ್ಲಿ ಇದೆ ಎಂದೇ ಬರೆಯುತ್ತೇನೆ.

ಅವರು ನನ್ನ ಆಫೀಸಿಗೆ ಬಂದದ್ದು ಒಂದು ದೂರು ಹಿಡಿದು. ಆಫೀಸೆಂದರೆ ಮೇಲ್ಮಹಡಿಯ ಒಂದು ಕೋಣೆ, ಎರಡು ಕಂಪ್ಯೂಟರು. ಕೊಲ್ಹಾಪುರದ ಒಂದು ಮಾರ್ಕೆಟಿಂಗ್ ಕಂಪನಿಯಲ್ಲಿ ನಾಲ್ಕು ವರ್ಷ ದುಡಿದು, ಅಲ್ಲಿಯ ಗಡಿಬಿಡಿ ಸಾಕಾಗಿ, ನಾನು ಊರಿಗೆ ಬಂದು ಅದನ್ನು ತೆರೆದಿದ್ದೆ.

"ಯವ್ವಾ, ನನ್ನ ನಂಬರ್ ಯಾರೋ ಇಂಟರ್‌ನೆಟ್ಟಿನ್ಯಾಗ ಹಾಕ್ಯಾರ. ಬಸ್ ಸ್ಟ್ಯಾಂಡ್ ಅಂತ ಹುಡುಕಿದ್ರ ನನಗ ಫೋನ್ ಬರತೈತಿ. ನಾ ರಿಟೈರ್ ಆಗಿ ಆರು ತಿಂಗಳಾತು."

ಹೇಳುತ್ತಿರುವಾಗಲೇ ಫೋನು ಬಂತು. ತಲೆ ವಾಲಿತು. "ಹಾಂ, ಆಜರೆಕ್ಕೇನ್ರಿ? ಹತ್ತೂವರಿಗೈತಿ. ತಡೀರಿ, ನೀವು ಇಳಿಯೂದು ಎಲ್ಲಿ ಅದನ್ನ ಮೊದಲ ಹೇಳ್ರಿ. ಹಂಗಾದ್ರ ಹತ್ತೂವರೀದು ಬ್ಯಾಡ, ಅದು ನಿಮ್ಮೂರಿಗೆ ಹೋಗಂಗಿಲ್ಲ, ದಾರಿ ಒಡಿಯೂ ಫಾಟಾದಾಗ ಇಳಿಸಿ ಎರಡು ಮೈಲಿ ನಡಸತೈತಿ. ಸಂಗಾಟ ಮುದಕರದಾರೇನು?"

ಫೋನಿಟ್ಟು ನನ್ನ ಕಡೆ ನೋಡಿದರು: "ನೋಡು, ಹಿಂಗ."

ನಕ್ಷೆಯಲ್ಲಿದ್ದ ಆ ತಪ್ಪು ನಂಬರನ್ನು ತೆಗೆಸಿದೆ. ಒಂದು ವಾರ ಹಿಡಿಯಿತು. ಅದಾದ ನಾಲ್ಕನೆಯ ದಿನ ಮತ್ತೆ ಮೆಟ್ಟಿಲು ಹತ್ತಿ ಬಂದರು.

"ಯವ್ವಾ, ಫೋನ್ ಬರೂದು ನಿಂತೈತಿ."

"ನೀವ ಹೇಳಿದ್ರೆಲ್ರಿ ಕಾಕಾ, ತಗಿ ಅಂತ?"

"ಹೌದು, ನಾನ ಹೇಳಿದ್ದೆ." ಕುರ್ಚಿ ಎಳೆದುಕೊಂಡು ಕೂತರು. "ನಿಂತೈತಿ ಅಂತ ಹೇಳಾಕ ಬಂದೆ, ಅಷ್ಟ. ಕೆಲಸಾ ಚೊಲೋ ಮಾಡೀದಿ."

ಆಮೇಲೆ ಏಳಲಿಲ್ಲ. ಮರುದಿನವೂ ಬಂದರು. ಮೂರನೆಯ ದಿನದಿಂದ ಆ ಕುರ್ಚಿ ಅವರದಾಯಿತು. ಇದು ಇಷ್ಟು ಸರಾಗವಾಗಿ ನಡೆಯಿತೇ? ನಡುವೆ ಒಂದೆರಡು ತಿಂಗಳು ಇದ್ದಿರಬಹುದು. ಆದರೆ ಕುರ್ಚಿ ಎಳೆದ ಸದ್ದು ನಿಜ. ಅದರ ಒಂದು ಕಾಲಿಗೆ ರಬ್ಬರು ಇರಲಿಲ್ಲ.

ಅವರ ಹತ್ತಿರ ಚೀಟಿಗಳ ಕಟ್ಟುಗಳಿದ್ದವು. ಹಳೆಯ ವೇಳಾಪತ್ರಿಕೆಗಳನ್ನು ಹರಿದು, ಹಿಂಬದಿಯ ಖಾಲಿ ಜಾಗದಲ್ಲಿ, ಕಿಡಕಿಗೆ ಬಂದವರು ಕೇಳಿದ ಪ್ರಶ್ನೆಗಳನ್ನು ಕೇಳಿದ ಹಾಗೆಯೇ ಬರೆದಿಟ್ಟಿದ್ದರು. ಉತ್ತರ ಮಾತ್ರ ಯಾವ ಚೀಟಿಯಲ್ಲಿಯೂ ಇಲ್ಲ. ಯಾಕೆಂದು ಕೇಳಿದೆ.

"ಉತ್ತರ ಬರದಿಟ್ಟು ಏನ್ ಮಾಡೂದು? ಟೈಮ್ ಟೇಬಲ್ ಬದಲಾದ್ರ ಅದು ಸುಳ್ಳಾಗತೈತಿ. ಜನಾ ಕೇಳೂದು ಮಾತ್ರ ಬದಲಾಗಂಗಿಲ್ಲ."

ಆ ಚೀಟಿಗಳಲ್ಲಿ ಗಾಡಿಯ ನಂಬರು ಕೇಳಿದವರು ಒಬ್ಬರೂ ಇರಲಿಲ್ಲ. 'ನಿನ್ನಿ ನಮ್ಮ ಅಳಿಯ ಹ್ವಾದನಲ್ಲ, ಆ ಗಾಡಿ ಇವತ್ತೂ ಐತೇನು?' 'ಮುರಗೂಡ ಸಂತಿ ಮುಗಿಸಿಕೊಂಡು ಎಮ್ಮಿ ಹಿಂಡೂ ಹೊತ್ತಿಗೆ ಬರಬೇಕು.' 'ಹುಡಗೀನ ನೋಡಾಕ ಹೊಂಟೇವಿ, ಸೀಟ್ ಸಿಗೂ ಗಾಡಿ ಹೇಳ್ರಿ, ಇಸ್ತ್ರಿ ಕೆಡಬಾರದು.' ಇನ್ನೊಂದು ಚೀಟಿ ಅವರಿಗೆ ಬಹಳ ಇಷ್ಟ: 'ನಾಂದಣಿ ಮಠಕ್ಕ ಹೋಗಿ ಹೊತ್ತ ಮುಣುಗೂದ್ರಾಗ ಉಣ್ಣಾಕ ಮನಿಗೆ ಬರಬೇಕು, ಯಾವ ಗಾಡಿ?' ಸೂರ್ಯ ಮುಳುಗಿದ ಮೇಲೆ ಉಣ್ಣದ ನಮ್ಮ ಜೈನ ಹಿರಿಯರು ಕೇಳುತ್ತಿದ್ದ ಪ್ರಶ್ನೆ ಅದು.

"ಇದಕ್ಕ ಬ್ಯಾಸಗ್ಯಾಗ ಒಂದು ಗಾಡಿ, ಥಂಡ್ಯಾಗ ಒಂದು ಗಾಡಿ," ಅಂದರು. "ಬೋರ್ಡ್ ನೋಡಿ ಹೇಳಿದ್ರ ಅಜ್ಜ ಉಪಾಸ ಮಲಗತಾನ."

ಕೊಲ್ಹಾಪುರದ ಕಂಪನಿಯಲ್ಲಿ ನಾಲ್ಕು ವರ್ಷ ನನಗೆ ಕಲಿಸಿದ್ದೂ ಇದನ್ನೇ. ದೊಡ್ಡ ದೊಡ್ಡ ಮಾತುಗಳಲ್ಲಿ, ಗೋಡೆಯ ಮೇಲೆ ಬಣ್ಣದ ಚಿತ್ರ ಬಿಟ್ಟು ಕಲಿಸಿದ್ದರು. ಅದು ನನ್ನ ತಲೆಗೆ ಹತ್ತಿದ್ದು ಈ ಹರಕು ಕಾಗದಗಳ ಮುಂದೆ. ಜನ ಅಂಗಡಿಯನ್ನು ಹುಡುಕುವುದಿಲ್ಲ. ತಮ್ಮ ಅಡಚಣೆಯನ್ನು ಹೇಳಿಕೊಳ್ಳುತ್ತಾರೆ.

ಹತ್ತಿತು ಎಂದು ಬರೆಯುವುದು ಸುಲಭ. ಆ ಮಳೆಗಾಲದಲ್ಲಿ ನಾನು ಮಾಡಿದ್ದನ್ನು ನೋಡಿದರೆ ಹತ್ತಿರಲಿಲ್ಲ.

ನಮ್ಮ ಬೀದಿಯಲ್ಲಿ ಹೊಲಿಗೆ ಮಷೀನಿನ ಒಂದು ಅಂಗಡಿ ಇತ್ತು, ಮಾರಾಟ ಸ್ವಲ್ಪ, ರಿಪೇರಿಯೇ ಹೆಚ್ಚು. ನಡೆಸುತ್ತಿದ್ದವರನ್ನು ನಾವೆಲ್ಲ ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆವು. ಮಾವನಿಂದ ಕೆಲಸ ಕಲಿತವರು; ಗಂಡ ತೀರಿಕೊಂಡ ಮೇಲೆ ಅಂಗಡಿಯಲ್ಲಿ ಅವರೇ ಮೇಸ್ತ್ರಿ, ಅವರೇ ಮಾಲಕಿ. ಆದರೆ ಜಾಗ ಗಂಡನ ಅಣ್ಣನ ಹೆಸರಿನಲ್ಲಿ. ಆ ಭಾವ ಇಚಲಕರಂಜಿಯಲ್ಲಿ ಮಗ್ಗ ಹಾಕಿಕೊಂಡವರು. ಫೋನಿನಲ್ಲಿ ಆರ್ಡರು ಮಾಡಿದರೆ ಹೊಸ ಮಷೀನೇ ಮನೆ ಬಾಗಿಲಿಗೆ ಬರುವ ಕಾಲದಲ್ಲಿ ರಿಪೇರಿ ಅಂಗಡಿ ಯಾಕೆಂದು ಅವರ ಪ್ರಶ್ನೆ. ಮೊಬೈಲ್ ಕವರು ಮಾರುವವನೊಬ್ಬ ಆ ಜಾಗ ಬಾಡಿಗೆಗೆ ಕೇಳಿದ್ದ. "ದೀಪಾವಳಿತನಾ ನೋಡತೇನಿ. ಆಮ್ಯಾಲ ನೀ ಇಚಲಕರಂಜಿಗೆ ಬಾ, ಮನ್ಯಾಗ ಕಾಂಡಿ ತುಂಬು, ಊಟಕ್ಕೇನು ಕಡಿಮಿ ಇಲ್ಲ" ಎಂದು ಹೇಳಿ ಹೋಗಿದ್ದರು. ಮಗ್ಗದ ಸಣ್ಣ ಕಾಂಡಿಗಳಿಗೆ ನೂಲು ಸುತ್ತುತ್ತ ಇನ್ನೊಬ್ಬರ ಹಿತ್ತಲಲ್ಲಿ ಕೂರುವುದು.

ವೈನಿ ನನ್ನ ಮುಂದೆ ಬಂದು ನಿಂತು ಅಂದರು: "ನಂಗ ಎರಡೂ ಕೈ ಅದಾವ. ನಾ ಯಾರ ಮನ್ಯಾಗೂ ಕಾಂಡಿ ತುಂಬಾಂಗಿಲ್ಲ. ದೀಪಾವಳಿ ಒಳಗ ಗಿರಾಕಿ ಬರೂಹಂಗ ಮಾಡಿಕೊಡು."

ಮಾಡಿಕೊಡುತ್ತೇನೆ ಎಂದು ಒಪ್ಪಿಕೊಂಡೆ.

ಮೊದಲು ಮಾಡಿದ ವೆಬ್‌ಸೈಟ್ ಚೆಂದ ಇತ್ತು. ತೆರೆದ ಕೂಡಲೇ ಮಷೀನಿನ ಚಿತ್ರಗಳು ಒಂದರ ಹಿಂದೊಂದು ಸರಿಯುತ್ತಿದ್ದವು. 'ಸಂಪೂರ್ಣ ಹೊಲಿಗೆ ಪರಿಹಾರ' ಎಂದು ದೊಡ್ಡ ಅಕ್ಷರ. ಕಾಕಾ ತಮ್ಮ ಫೋನಿನಲ್ಲಿ ತೆರೆದು ಅಂಗೈ ಮೇಲಿಟ್ಟುಕೊಂಡು ಕಾದರು.

"ಚಂದಗಡ ಕಡೆ ಹಳ್ಳ್ಯಾಗ ರೇಂಜ್ ಬರೂದ ಅಷ್ಟಕ್ಕಷ್ಟ. ನಿನ್ನ ಚಿತ್ರ ಮೂಡೂದ್ರಾಗ ಗಾಡಿ ಹೋಗಿರತೈತಿ," ಅಂದರು. ಆಮೇಲೆ, "ಪರಿಹಾರ ಅಂತ ಯಾರ ಕೇಳತಾರವಾ?"

ಅವರು ಎರಡು ದಿನ ವೈನಿಯ ಅಂಗಡಿಯಲ್ಲಿ ಹೋಗಿ ಕೂತರು. ಬಂದ ಹೆಂಗಸರು ಕಟ್ಟೆ ಹತ್ತುತ್ತಲೇ ಆಡಿದ ಮೊದಲ ಮಾತನ್ನು ಚೀಟಿಯಲ್ಲಿ ಬರೆದುಕೊಂಡರು. 'ಕೆಳಗ ದಾರ ಗಂಟ ಬೀಳತೈತಿ.' 'ಹೊಲಿಗಿ ಟಾಕಾ ಜಿಗೀತೈತಿ.' 'ಅರಿವಿ ಮುಂದ ಸರೀವಲ್ದು.' 'ನನ್ನ ಮಗ ಬಿಚ್ಚಿದಾನ, ಹೊಳ್ಳಿ ಕೂಡಸಾಕ ಬರವಲ್ದು.' ತಂದು ನನ್ನ ಮೇಜಿನ ಮೇಲಿಟ್ಟರು. ನಾನು ಬದಿಗೆ ಸರಿಸಿದೆ. ದಿನಗಳು ಹೋಗುತ್ತಿದ್ದವು. ನನಗೆ ಬೇಗನೆ ಫಲ ಕೊಡುವ ದಾರಿ ಬೇಕಿತ್ತು, ಅದು ನನಗೆ ಗೊತ್ತೂ ಇತ್ತು.

ಕಂಪನಿಯಲ್ಲಿ ಕಲಿತದ್ದು: ಒಂದೇ ಅಂಗಡಿಗೆ ಊರೂರಿನ ಹೆಸರಿನಲ್ಲಿ ಪುಟ ಮಾಡುವುದು, ನಕ್ಷೆಯಲ್ಲಿ ಅಲ್ಲಲ್ಲಿ ಗುರುತು ನೆಡುವುದು. ಚಂದಗಡ ಶಾಖೆ, ಮುರಗೂಡ ಶಾಖೆ, ಹೀಗೆ ಐದು. ಅಲ್ಲಿ ಅಂಗಡಿ ಇರಬೇಕೆಂದಿಲ್ಲ. ಆ ಊರಿನವರು ಹುಡುಕಿದಾಗ ಮೇಲೆ ಕಂಡರಾಯಿತು, ಫೋನು ಬರುತ್ತದೆ, ಬಂದ ಮೇಲೆ ಹೇಗೋ ಕರೆಸಿಕೊಳ್ಳಬಹುದು. ಕಾಕಾಗೆ ಹೇಳಲಿಲ್ಲ. ವೈನಿಗೂ ಸರಿಯಾಗಿ ಹೇಳಲಿಲ್ಲ. ಹತ್ತು ದಿನದಲ್ಲಿ ವೈನಿಯ ಫೋನು ಗುಣುಗುಡತೊಡಗಿತು. ವೈನಿ ನನಗೆ ಒಂದು ಡಬ್ಬಿ ಚಕ್ಕಲಿ ಕಳಿಸಿದರು. ತಿಂದೆ.

ಗಣಪತಿ ಹಬ್ಬಕ್ಕೆ ಹತ್ತು ಹನ್ನೆರಡು ದಿನ ಇರುವಾಗ ಒಂದು ಮಧ್ಯಾಹ್ನ ವೈನಿಯ ಅಂಗಡಿಯಲ್ಲಿ ನಾವು ಮೂವರೂ ಇದ್ದೆವು. ಸುಮಾರು ಮೂವತ್ತೈದರ ಒಬ್ಬ ಹೆಂಗಸು ಒಳಗೆ ಬಂದಳು. ಪೂರಾ ತೊಯ್ದಿದ್ದಳು. ಗೊಬ್ಬರದ ಚೀಲದಲ್ಲಿ ಸುತ್ತಿದ ಮಷೀನನ್ನು, ಸ್ಟ್ಯಾಂಡು ಬಿಟ್ಟು ಮೇಲಿನ ಕಬ್ಬಿಣದ ಭಾಗವನ್ನು, ಹೆಗಲಿನಿಂದ ಇಳಿಸಿ ಮೇಜಿನ ಮೇಲಿಟ್ಟಳು. ಚೀಲದಿಂದ ನೀರು ಹರಿದು ಕಾಕಾರ ಚೀಟಿಗಳ ಕೆಳಗೆ ಹೋಯಿತು.

"ಚಂದಗಡಾತ ತುಮಚಂ ದುಕಾನ ಕುಠಂ ಆಹೆ?" ಅಂದಳು. ಚಂದಗಡದಲ್ಲಿ ನಿಮ್ಮ ಅಂಗಡಿ ಎಲ್ಲಿದೆ?

"ಚಂದಗಡದಾಗ ನಮ್ದು ಅಂಗಡಿ ಇಲ್ರಿ," ಅಂದರು ವೈನಿ.

"ಇಲ್ಲಂದ್ರ?" ಆಕೆ ಕನ್ನಡಕ್ಕೆ ಹೊರಳಿದಳು; ತವರು ಇತ್ತ ಕಡೆಯದಂತೆ. "ಫೋನಿನ್ಯಾಗ ಐತಿ. ಅದು ತೋರಿಸಿದಲ್ಲಿ ಹ್ವಾದೆ. ಚಹಾದ ಅಂಗಡಿ ಐತಿ ಅಲ್ಲಿ. ಮಳ್ಯಾಗ ಒಂದು ತಾಸು ಹುಡಿಕೀನಿ. ಚಹಾದಾಂವ ನಕ್ಕ. ಆಮ್ಯಾಲ ಈ ಗಾಡಿ ಹತ್ತಿ ಬಂದೆ. ಇಪ್ಪತ್ತು ಬ್ಲೌಸ್ ಅದಾವ್ರಿ ಮನ್ಯಾಗ ಹಬ್ಬದ್ದು. ಅಂಗಡಿ ಇಲ್ದ ಊರಿನ್ಯಾಗ ಅಂಗಡಿ ಐತಿ ಅಂತ ಬರ್ಯಾಕ ನಿಮಗ ಏನ್ ಧಾಡಿ ಆಗೇತಿ?"

ವೈನಿ ನನ್ನ ಕಡೆ ತಿರುಗಿದರು. ಅವರಿಗೆ ಎಲ್ಲ ತಿಳಿಯಲು ಅಷ್ಟು ಹೊತ್ತು ಸಾಕಾಯಿತು.

ಅಲ್ಲಿ ಮೊದಲು ಎದ್ದು ನಿಂತವರು ಕಾಕಾ. ತಾವೇ ತಪ್ಪು ವೇಳೆ ಹೇಳಿದವರಂತೆ ಎರಡೂ ಕೈ ಜೋಡಿಸಿದರು. "ತಪ್ಪಾಗೇತವಾ. ಎಷ್ಟಕ್ಕ ಮನಿ ಬಿಟ್ಟಿ? ಏನರ ತಿಂದೀಯೋ ಇಲ್ಲೋ?" ಕೇಳಿ, ಎದುರಿನ ಅಂಗಡಿಯಿಂದ ಚಹಾ, ಪಾವು ತರಿಸಿದರು. ವೈನಿ ಮಷೀನು ಬಿಚ್ಚಿದರು. ಬೇರೆಲ್ಲ ಕೆಲಸ ಬದಿಗಿಟ್ಟು ಒಂದೂವರೆ ತಾಸಿನಲ್ಲಿ ಓಡಿಸಿ ಕೊಟ್ಟರು, ಏನೂ ತೆಗೆದುಕೊಳ್ಳಲಿಲ್ಲ. ಕಾಕಾ ಆ ಭಾರ ಹೊತ್ತು ಬಸ್ ಸ್ಟ್ಯಾಂಡಿಗೆ ಹೋದರು. ನಾನು ಎತ್ತಿಕೊಳ್ಳಲು ಹೋದರೆ ಬೇಡವೆಂದು ತಲೆಯಾಡಿಸಿದರು.

ಅವರು ಹೋದ ಮೇಲೆ ವೈನಿ ಅಂದದ್ದು ಇಷ್ಟೇ: "ನನ್ನ ಮಾವನ ಅಂಗಡಿ ಹೆಸರಿನ್ಯಾಗ ಸುಳ್ಳ ಬರದಿ?" ಬೈದಿದ್ದರೆ ಉತ್ತರ ಕೊಡುತ್ತಿದ್ದೆ.

ಹೊಳ್ಳಿ ಬಂದ ಕಾಕಾ ನನ್ನನ್ನು ಕೇಳಿದರು: "ಹಿಂತಾವು ಎಷ್ಟ ಅದಾವು?"

"ಐದು."

"ಅಳಿಸಿದ್ರ ಈಗಿಂದೀಗ ಹೋಗತಾವೇನು?"

"ಇಲ್ರಿ. ಅಳಿಸ್ರಿ ಅಂತ ಕಳಸಬೇಕು. ಕೆಲವು ದಿನ ಹಿಡೀತೈತಿ."

"ಅಲ್ಲೀತನಾ ಅಲ್ಲಿ ಯಾರರ ಬಂದ್ರ?"

ಕೂತಲ್ಲಿಯೇ ಐದೂ ಗುರುತು ಅಳಿಸಲು ಬರೆದು ಕಳಿಸಿದೆ. ಕಾಕಾ ಮುರಗೂಡ ಮೊದಲಾಗಿ ನಾಲ್ಕು ಊರಿನ ಬಸ್ ಸ್ಟ್ಯಾಂಡುಗಳ ತಮ್ಮ ಪರಿಚಯದ ಕಂಟ್ರೋಲರುಗಳಿಗೆ ಫೋನು ಮಾಡಿದರು: "ಹೊಲಿಗಿ ಮಷೀನ್ ಹೊತ್ಕೊಂಡು ಯಾರರ ಇಳಿದ್ರ, ಗಡಹಿಂಗ್ಲಜ ಗಾಡಿ ಹತ್ತಿಸಿ ಕಳಸಪಾ." ಚಂದಗಡದಲ್ಲಿದ್ದ ಅವರ ಗೆಳೆಯ ನಿವೃತ್ತನಾಗಿ ಊರು ಬಿಟ್ಟಿದ್ದ. ಮರುದಿನ ಮುಂಜಾನೆ ಎಂಟರ ಗಾಡಿಗೆ ಕಾಕಾ ತಮ್ಮ ಪಾಸು ತೋರಿಸಿ ಚಂದಗಡಕ್ಕೆ ಹೋದರು.

ಎಷ್ಟು ದಿನ ಹೋದರು? ನಾನು ಆರು ಎನ್ನುತ್ತೇನೆ. ವೈನಿ ಮೂರು ಎನ್ನುತ್ತಾರೆ. ಎರಡನೆಯ ದಿನ ನಾನು ಜೊತೆಗೆ ಹೋದದ್ದು ಮಾತ್ರ ಗಟ್ಟಿ.

ಚಂದಗಡದ ಮಳೆ ಗಡಹಿಂಗ್ಲಜದ ಮಳೆಯಂತಲ್ಲ. ಅಲ್ಲಿ ಸುರಿಯಲು ಶುರುವಾದರೆ ಎದುರಿನ ಗದ್ದೆ, ಕೇರಿ, ಬಸ್ಸು ಒಂದೂ ಕಾಣುವುದಿಲ್ಲ. ನಾನು ನೆಟ್ಟ ಗುರುತು ಬಿದ್ದದ್ದು ಬಸ್ ಸ್ಟ್ಯಾಂಡಿನ ಹಿಂದಿನ ಚಹಾದ ಅಂಗಡಿಯ ಮೇಲೆ. ಅದರ ತಗಡಿನ ಕೆಳಗೆ ಕಾಕಾ ಕೊಡೆ ಹಿಡಿದು ನಿಂತಿದ್ದರು, ಎದೆಗೆ ಒಂದು ರಟ್ಟು ಒತ್ತಿ ಹಿಡಿದುಕೊಂಡು. ಅದರ ಮೇಲೆ ಮರಾಠಿಯಲ್ಲಿ ಬರೆದದ್ದು: 'ಹೊಲಿಗೆ ಮಷೀನಿನ ಅಂಗಡಿ ಇಲ್ಲಿ ಇಲ್ಲ. ಗಡಹಿಂಗ್ಲಜದಲ್ಲಿದೆ. ಗಾಡಿ ನನ್ನನ್ನು ಕೇಳಿರಿ.'

"ಕಾಕಾ, ದುಕಾನಚ ಟಾಕಾ ಕೀ ಇಥಂ," ಎಂದು ಚಹಾದವನು ಚೇಷ್ಟೆ ಮಾಡುತ್ತಿದ್ದ. ಇಲ್ಲೇ ಅಂಗಡಿ ಹಾಕಿಬಿಡಿ ಅಂತ.

"ಹಾಕತಿದ್ನಿ. ನಿನ್ನ ಚಹಾ ಕುಡದು ದಿನಾ ಬದಕೂದು ಹ್ಯಾಂಗ?" ಎಂದು ಕಾಕಾ ತಿರುಗಿ ಅಂದರು. ಅವನಿಗೆ ಕನ್ನಡ ಅರ್ಥವಾಗಿ ನಕ್ಕು ಇನ್ನೊಂದು ಗ್ಲಾಸು ಚಹಾ ಸುಮ್ಮನೆ ಕೊಟ್ಟ.

ಮಷೀನು ಹೊತ್ತವರು ಅವತ್ತು ಯಾರೂ ಬರಲಿಲ್ಲ. ಗಾಡಿ ಕೇಳಿದವರು ಮಾತ್ರ ಹದಿನೈದು ಇಪ್ಪತ್ತು ಜನ. ರಟ್ಟಿನ ಕೊನೆಯ ಸಾಲನ್ನಷ್ಟೇ ಓದಿದವರು. ಎಲ್ಲರಿಗೂ ಹೇಳಿದರು.

"ಕಾಕಾ, ನಡೀರಿ ಮನಿಗೆ," ಅಂದೆ. "ಯಾರೂ ಬರಂಗಿಲ್ಲ. ನನಗ ನಾಚಿಕಿ ಆಗಾಕತ್ತೇತಿ."

"ನಿನಗ ನಾಚಿಕಿ ಆಗ್ಲಿ ಅಂತ ನಿಂತಿಲ್ಲವಾ." ಕೊಡೆಯನ್ನು ನನ್ನ ಕಡೆ ಓರೆ ಮಾಡಿದರು. ಆಮೇಲೆ ಅವರು ಹೇಳಿದ್ದನ್ನು ನಾನು ಎಷ್ಟೋ ಸಲ ಬರೆದು ಹರಿದಿದ್ದೇನೆ. ಪ್ರತಿ ಸಲವೂ ಅದು ಕಥೆಯಾಗುತ್ತದೆ. ಅವರು ಹೇಳಿದಾಗ ಕಥೆಯಾಗಿರಲಿಲ್ಲ. ಮಳೆಯ ಸದ್ದಿನಲ್ಲಿ ಅರ್ಧ ಕೇಳಿಸಿತು, ಅಷ್ಟನ್ನೇ ಬರೆಯುತ್ತೇನೆ.

ಕಿಡಕಿಗೆ ಕೂತ ಹೊಸತರಲ್ಲಿ ಒಂದು ಸಂಜೆ ಗಂಡ, ಹೆಂಡತಿ, ಒಂದು ಕೂಸು ಬಂದರು. ಹೆಂಡತಿಯ ತಾಯಿ ಸಾಯುವ ಸ್ಥಿತಿಯಲ್ಲಿದ್ದಳು. ಕೊನೆಯ ಗಾಡಿ ಇದೆಯೇ ಎಂದು ಕೇಳಿದರು. ಆ ಗಾಡಿ ಡಿಪೋದಿಂದ ಹೊರಟಿದೆಯೋ ಇಲ್ಲವೋ ಇವರಿಗೆ ಗೊತ್ತಿರಲಿಲ್ಲ. ಆ ಹೆಂಗಸಿನ ಮುಖ ನೋಡಿ ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. 'ಬರತೈತಿ, ಕುಂಡರ್ರಿ' ಅಂದರು. ಆ ಹೊತ್ತಿಗೆ ಹೊರಗೆ ಆ ಕಡೆಗೆ ಹೋಗುವ ಒಂದು ಜೀಪು ನಿಂತಿತ್ತು. ಅದು ಹೋಯಿತು. ಗಾಡಿ ಬರಲಿಲ್ಲ.

"ಅವ್ರು ಮುಟ್ಟಿದ್ರೋ ಇಲ್ಲೋ ನನಗ ಗೊತ್ತಿಲ್ಲ. ಒಂದು ಮಾತು ಬೈಲಿಲ್ಲವಾ ಅವ್ರು. ಎದ್ದು ಕೂಸಿನ್ನ ಎತ್ಕೊಂಡು ರಸ್ತಾ ಹಿಡದು ನಡಕೋತ ಹ್ವಾದ್ರು. ಬೈದಿದ್ರ ಹಗರಾಗತಿತ್ತು."

ರಟ್ಟನ್ನು ಮತ್ತೆ ಎದೆಗೆ ಒತ್ತಿಕೊಂಡು, "ಇಲ್ಲ ಅನ್ನೂದು ಭಾಳ ದೊಡ್ಡ ಉಪಕಾರ. ಇಲ್ಲ ಅಂದ್ರ ಜನಾ ಬ್ಯಾರೆ ದಾರಿ ಹುಡಕತಾರ" ಅಂದರು.

ನಾಲ್ಕರ ಗಾಡಿಗೆ ಇಬ್ಬರೂ ಹೊಳ್ಳಿದೆವು. ದಾರಿಯಲ್ಲಿ ಅವರು ನಿದ್ದೆ ಹೋದರು.

ಗುರುತುಗಳು ಅಳಿದವು, ಪುಟಗಳು ಹೋದವು, ವೈನಿಯ ಫೋನು ತಣ್ಣಗಾಯಿತು. ದೀಪಾವಳಿಗೆ ಎರಡು ತಿಂಗಳೂ ಉಳಿದಿರಲಿಲ್ಲ. ವೈನಿ ನನ್ನ ಜೊತೆ ಮಾತು ಬಿಟ್ಟಿದ್ದರು. ಕಾಕಾ ನಡುವೆ ನಿಂತು ಎರಡೂ ಕಡೆ ಮಾತು ಒಯ್ದರು. ಬದಿಗೆ ಸರಿಸಿದ ಚೀಟಿಗಳನ್ನು ನಾನು ಮತ್ತೆ ತೆರೆದೆ. ಒಂದು ಪ್ರಶ್ನೆಗೆ ಒಂದು ಪುಟ. ತಲೆಬರಹ ಆ ಹೆಂಗಸರ ಮಾತಿನಲ್ಲಿಯೇ, ಮರಾಠಿಯಲ್ಲೊಂದು, ಕನ್ನಡದಲ್ಲೊಂದು. ಮೊದಲ ಸಾಲಿನಲ್ಲಿಯೇ ಉತ್ತರ. ಸರಿಯುವ ಚಿತ್ರಗಳನ್ನು ಕಿತ್ತೆಸೆದೆ. ಅಂಗಡಿಯ ಮುಂಭಾಗ ಇದ್ದ ಹಾಗೇ ಒಂದು ಫೋಟೋ; ಬಂದವರು ಗುರುತು ಹಿಡಿಯಲಿ ಅಂತ. ಬಾಗಿಲು ತೆರೆಯುವ ಹೊತ್ತು, ಮುಚ್ಚುವ ಹೊತ್ತು, ವೈನಿ ಊಟಕ್ಕೆ ಹೋಗುವ ಹೊತ್ತು ಸಹ.

ವೈನಿ ಓದಿ ಸಿಟ್ಟಾದರು. ನನ್ನನ್ನು ಬಿಟ್ಟು ಕಾಕಾರನ್ನು ಕೇಳಿದರು: "ಸೂಜಿ ಬದಲಿ ಮಾಡ್ರಿ, ಅಂಗಡಿಗೆ ತರೂದು ಬ್ಯಾಡ ಅಂತ ನಾವ ಬರದ್ರ, ಬರಾವ್ರು ಯಾರ್ರಿ?"

"ಗಾಡಿ ಟೈಮ್ ಹೇಳಿದ್ರ ಜನಾ ಗಾಡಿ ಹತ್ತೂದು ಬಿಡ್ತಾರೇನ್ರಿ ವೈನಿ?"

ವೈನಿ ಕಂಪ್ಯೂಟರಿನ ಮುಂದೆ ಕೂತು ದಾರ ಗಂಟು ಬೀಳಲು ಇನ್ನೂ ನಾಲ್ಕು ಕಾರಣಗಳನ್ನು ಬರೆಸಿದರು.

ಪುಣೆಯಲ್ಲಿರುವ ನನ್ನ ಗೆಳತಿಯರಿಂದ ಅಂಗಡಿಗೆ ಐದೈದು ನಕ್ಷತ್ರ ಹಾಕಿಸೋಣವೇ ಎಂದು ಒಮ್ಮೆ ಕೇಳಿದೆ. ಬುದ್ಧಿ ಅಷ್ಟು ಬೇಗ ಬರುವುದಿಲ್ಲ. ಕಾಕಾ ನಕ್ಕರು: "ಗಾಡಿನ ಹತ್ತಲಾರದಾಕಿ ಗಾಡಿ ಚೊಲೋ ಐತಿ ಅಂದ್ರ ಹ್ಯಾಂಗವಾ?" ಅವತ್ತಿನಿಂದ ರಿಪೇರಿಯಾದ ಮಷೀನು ಒಂದು ವಾರ ಸರಿಯಾಗಿ ಓಡಿದ ಮೇಲೆ ವೈನಿಯೇ ಫೋನು ಮಾಡಿ ವಿಚಾರಿಸುವುದೆಂದು ಆಯಿತು. ಕೆಲವರು ತಾವಾಗಿಯೇ ಎರಡು ಸಾಲು ಬರೆದರು. ಒಬ್ಬಾಕೆ ಬೈದೂ ಬರೆದಳು. ಅದನ್ನೂ ಇಟ್ಟೆವು, ಕೆಳಗೆ ವೈನಿ ಉತ್ತರ ಕೊಟ್ಟರು.

ಒಂದು ಪುಟವನ್ನು ಮಾತ್ರ ಕಾಕಾ ಪೂರ್ತಿ ತಾವೇ ಬರೆದರು, ಕೈಯಲ್ಲಿ, ಎರಡು ದಿನ ಕೂತು. 'ಚಂದಗಡ ಕಡೆಯಿಂದ ಮಷೀನು ತರುವವರಿಗೆ.' ಚಂದಗಡದಲ್ಲಿ ನಮ್ಮ ಅಂಗಡಿ ಇಲ್ಲ ಎಂಬುದೇ ಮೊದಲ ಸಾಲು. ಸೂಜಿ, ಬಾಬಿನ್ ತೆಗೆದು ಬೇರೆ ಕಟ್ಟಿಕೊಳ್ಳಿ. ಎಣ್ಣೆ ಸೋರದ ಹಾಗೆ ಹಳೆಯ ಸೀರೆ ಸುತ್ತಿ ಮೇಲೆ ಪ್ಲಾಸ್ಟಿಕ್ ಹಾಕಿ. ಗಾಡಿಯಲ್ಲಿ ಹಿಂದಿನ ಸೀಟು ಬೇಡ, ಕುಲುಕುತ್ತದೆ. ಕಂಡಕ್ಟರರಿಗೆ ಮೊದಲೇ ಹೇಳಿ. ಯಾವ ಗಾಡಿಗೆ ಬಂದರೆ ರಿಪೇರಿ ಮಾಡಿಸಿಕೊಂಡು ಸಂಜೆ ನಾಲ್ಕರ ಗಾಡಿಗೆ ಹೊಳ್ಳಬಹುದು. ಯಾವ ಕೆಲಸ ಒಂದು ದಿನದಲ್ಲಿ ಆಗುವುದಿಲ್ಲ. ಸ್ಟ್ಯಾಂಡಿನಿಂದ ಅಂಗಡಿಗೆ ಎಷ್ಟು ಹೆಜ್ಜೆ, ಎಲ್ಲಿ ಭಾರ ಇಳಿಸಿ ಕೂರಲು ಕಟ್ಟೆ ಇದೆ. ಹತ್ತು ವರ್ಷ ಈ ಕಸುಬು ಮಾಡಿದ ನಾನು ಅಂಥ ಇನ್ನೊಂದು ಪುಟ ಬರೆದಿಲ್ಲ. ದಸರೆಯ ನಂತರ ಆ ಪುಟ ಓದಿ ಜನ ಬರತೊಡಗಿದರು. ಒಬ್ಬೊಬ್ಬರೇ ಬಂದರು.

ಅಷ್ಟರಲ್ಲಿ ಕಾಕಾ ಬಿದ್ದರು. ನಮ್ಮ ಮೆಟ್ಟಿಲ ಮೇಲೆ ಎದೆ ಹಿಡಿದು ಕೂತುಬಿಟ್ಟರು. ಕೊಲ್ಹಾಪುರದ ಒಂದು ಆಸ್ಪತ್ರೆಗೆ ಸೇರಿಸಬೇಕಾಯಿತು.

ದೀಪಾವಳಿಗೆ ಮೂರು ದಿನ ಇರುವಾಗ ಇಚಲಕರಂಜಿಯಿಂದ ಭಾವ ಬಂದರು. ಅಂಗಡಿಯ ಬೆಂಚಿನ ಮೇಲೆ ಮೂವರು ಹೆಂಗಸರು, ಕಾಲಬುಡದಲ್ಲಿ ಪ್ಲಾಸ್ಟಿಕ್ ಸುತ್ತಿದ ಮೂರು ಮಷೀನು. ವೈನಿಯ ಕೈಯೆಲ್ಲ ಎಣ್ಣೆ. ಕೂರಲು ಜಾಗವಿಲ್ಲದೆ ಭಾವ ಬಾಗಿಲಲ್ಲಿ ನಿಂತರು.

"ಎಲ್ಲಿಯವ್ರ್ರಿ ನೀವು?"

"ಚಂದಗಡ ಕಡ್ಯಾವ್ರು."

"ಅಲ್ಲಿ ರಿಪೇರಿ ಮಾಡಾವ್ರು ಇಲ್ಲೇನು?"

"ಅದಾರ್ರಿ," ಎಂದಳು ಒಬ್ಬಾಕೆ. "ಆದ್ರ ಯಾವಾಗ ಬರಬೇಕು, ಯಾವಾಗ ಮನಿ ಮುಟ್ಟತೀವಿ ಅಂತ ಹೇಳಾವ್ರು ಇಲ್ಲೆ ಅದಾರ."

ಭಾವ ಚಹಾ ಕುಡಿದರು. ಹೊರಡುವಾಗ ವೈನಿಗೆ, "ಆ ಮೊಬೈಲ್ ಕವರಿನಾಂವಗ ಬ್ಯಾರೆ ಜಾಗಾ ನೋಡ್ಕೋ ಅಂತ ಹೇಳತೇನಿ" ಅಂದರು. ವೈನಿ ತಲೆ ಎತ್ತಲಿಲ್ಲ. ತಿರುಗಿಸುತ್ತಿದ್ದ ಸ್ಕ್ರೂ ಬಿಗಿ ಮಾಡಿ ಮುಗಿಸಿದರು. ಭಾವ ಹೋದ ಮೇಲೆ ಎಷ್ಟೋ ದಿನಗಳ ನಂತರ ನನ್ನ ಜೊತೆ ಮಾತಾಡಿದರು: "ನಾಳೆ ಮೊದಲನೇ ಗಾಡಿಗೆ ಕೊಲ್ಹಾಪುರಕ್ಕ ಹೋಗೂಣು. ಕಾಕಾಗ ಹೇಳಬೇಕು."

ಮರುದಿನ ಆಸ್ಪತ್ರೆಯಲ್ಲಿ ಅವರು ಬಹಳ ಸಣ್ಣಗೆ ಕಂಡರು. ವೈನಿ ಹಾಸಿಗೆಯ ಪಕ್ಕ ಬಗ್ಗಿ ಎಲ್ಲ ಹೇಳಿದರು: ಮೂವರು ಹೆಂಗಸರು, ಭಾವ, ಬಾಗಿಲಲ್ಲಿ ನಿಂತದ್ದು, ಅಂಗಡಿ ಉಳಿದದ್ದು. ಕಾಕಾ ಪೂರ್ತಿ ಕೇಳಿದರು. ನಾವು ಅವರ ನಗುವಿಗಾಗಿ ಕಾಯುತ್ತಿದ್ದೆವು.

"ನಾಲ್ಕರ ಗಾಡಿ ಸಿಕ್ಕಿತೇನು ಅವ್ರಿಗೆ?" ಕೇಳಿದರು.

ನಾವು ನೋಡಿರಲಿಲ್ಲ. ಭಾವನ ಮಾತಿನ ಸಂತೋಷದಲ್ಲಿ ಅವರು ಯಾವಾಗ ಮಷೀನು ಎತ್ತಿಕೊಂಡು ಹೋದರೆಂಬುದೂ ನಮಗೆ ಗೊತ್ತಿರಲಿಲ್ಲ.

ಇಲ್ಲಿ ನನ್ನ ನೆನಪು ಒಂದು ಕಡೆ ಗಟ್ಟಿಯಾಗಿ ನಿಲ್ಲುವುದಿಲ್ಲ. "ಸಿಕ್ಕಿತ್ರಿ ಕಾಕಾ, ಮೂರೂ ಮಂದಿ ಹತ್ತಿದ್ರು" ಎಂದು ನಾನು ಹೇಳಿದೆನೆಂದು ವೈನಿ ಹೇಳುತ್ತಾರೆ. ಮತ್ತೇನು ಹೇಳಬೇಕಿತ್ತು, ಅಂಥ ಹೊತ್ತಿನಲ್ಲಿ, ಎಂದೂ ಸೇರಿಸುತ್ತಾರೆ. ನನಗೆ ನೆನಪಿರುವುದು "ಗೊತ್ತಿಲ್ರಿ, ನೋಡಲಿಲ್ಲ" ಎಂದದ್ದು. ಎರಡರಲ್ಲಿ ಒಂದನ್ನು ಅವರ ಮುಂದೆ ಹೇಳಿದ್ದೇನೆ. ಇನ್ನೊಂದನ್ನು ಆಮೇಲೆ ನನಗೆ ನಾನೇ ಹೇಳಿಕೊಂಡಿದ್ದೇನೆ. ಅವರು ಕಣ್ಣು ಮುಚ್ಚಿಕೊಂಡರು ಎಂಬುದರಲ್ಲಿ ಇಬ್ಬರಿಗೂ ಅನುಮಾನವಿಲ್ಲ.

ಆಸ್ಪತ್ರೆಯ ಪಡಸಾಲೆಗೆ ಬಂದು ವೈನಿಯ ಫೋನಿನಿಂದ ಆ ಮೂವರಿಗೂ ಫೋನು ಹಚ್ಚಿದೆ. ಇಬ್ಬರು ಎತ್ತಿದರು. ನಾಲ್ಕರ ಗಾಡಿ ಸಿಕ್ಕಿತ್ತು, ಮನೆ ಮುಟ್ಟಿದ್ದರು. ಮೂರನೆಯಾಕೆ ಇವರ ಜೊತೆ ಇರಲಿಲ್ಲವಂತೆ. ಆಕೆಯ ಮಷೀನು ಕೊನೆಗೆ ಆಯಿತಂತೆ. ಆಕೆಯ ಫೋನು ಹತ್ತಲಿಲ್ಲ. ಸಂಜೆಯವರೆಗೂ ಹತ್ತಲಿಲ್ಲ. ಕಾಕಾ ಮರುದಿನ ಮುಂಜಾನೆ ತೀರಿಕೊಂಡರು.

ಅವರನ್ನು ಮಣ್ಣು ಮಾಡಿ ಬಂದು ಎರಡು ದಿನವಾದ ಮೇಲೆ, ಹಬ್ಬದ ಪಟಾಕಿಯ ಸದ್ದಿನ ನಡುವೆ, ಆ ಮೂರನೆಯ ನಂಬರು ಹತ್ತಿತು.

"ಹೊಲಿಗಿ ಮಷೀನ್ ಅಂಗಡಿಯಿಂದ ಮಾತಾಡಾಕತ್ತೇನ್ರಿ. ಅವತ್ತ ಮನಿ ಸುಖಾ ಮುಟ್ಟಿದ್ರೇನು?"

"ಮುಟ್ಟಿದ್ನಿರಿ. ನಾಲ್ಕರದು ತಪ್ಪಿತು, ಅರ್ಧ ದಾರಿ, ನೇಸರಿ ಊರಿನತನಾ ಒಂದು ಟೆಂಪೋ ಸಿಕ್ಕಿತು, ಅಲ್ಲಿಂದ ಬ್ಯಾರೆ ಗಾಡಿ. ಊರಾಗ ರೇಂಜ್ ಇರಲಿಲ್ಲ, ಈಗ ಬಂದೈತಿ." ಆಕೆಯ ಹಿಂದೆ ಮಷೀನು ಓಡುವ ಸದ್ದು ಕೇಳುತ್ತಿತ್ತು, ಯಾರೋ ತುಳಿಯುತ್ತಿದ್ದರು. "ಯಾಕ್ರಿ, ಏನಾತು?"

"ಏನಿಲ್ರಿ," ಅಂದೆ. "ಒಬ್ರು ಕೇಳಾಕತ್ತಿದ್ರು."